ಹತ್ತಕ್ಕೆ ಎಂಟೂವರೆ

ಮಾರ್ಚ್ ೪, ಬುಧವಾರ

ತನಿಖಾ ಸಮಿತಿಯ ಪತ್ರ ಬಂದಿತು. ಒಂದೂವರೆ ಪುಟ, ಅದರಲ್ಲಿ ಅರ್ಧ ಪುಟ ಸಂತಾಪ. ತಿರುಳು ಇಷ್ಟೇ: ನಿಯಮ ಮುರಿದುದಕ್ಕೆ ಆಧಾರವಿಲ್ಲ.

ಚರ್ಚಾಸ್ಪರ್ಧೆಗೆ ಹೋಗುವ ಮುನ್ನ ಸಂಗತಿಗಳನ್ನು ಬರೆದಿಟ್ಟುಕೊಳ್ಳುವುದು ಕಾಲೇಜಿನ ದಿನಗಳಿಂದ ನನ್ನ ಪದ್ಧತಿ. ಈ ಪುಸ್ತಕವನ್ನು ತೆರೆದಿರುವುದು ಅದಕ್ಕೆ, ಅಳುವುದಕ್ಕಲ್ಲ.

ಸಂಗತಿಗಳು. ನನ್ನ ಒಬ್ಬಳೇ ಮಗಳು, ಇಪ್ಪತ್ತಾರು ವರ್ಷ, ಸಂಶೋಧನಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಕರುಗಳ ಕಣ್ಣಿನ ಮಸೂರದಿಂದ ಪ್ರೋಟೀನ್ ಬೇರ್ಪಡಿಸಿ, ಅದನ್ನು ದಟ್ಟವಾದ ದ್ರಾವಣವಾಗಿಸಿ, ಅದು ಹೇಗೆ ಹರಿಯುತ್ತದೆ, ಯಾವಾಗ ಹರಿಯದೆ ನಿಲ್ಲುತ್ತದೆ ಎಂದು ಅಳೆಯುವುದು ಅವಳ ಕೆಲಸ. ಕಳೆದ ನವೆಂಬರ್ ಒಂಬತ್ತರಂದು ಹೊಟ್ಟೆನೋವೆಂದು ರಜೆ ಕೇಳಿದಳು. ಕಸಾಯಿಖಾನೆಯಿಂದ ಆ ಬೆಳಿಗ್ಗೆಯಷ್ಟೇ ಇಪ್ಪತ್ತೆಂಟು ಕಣ್ಣುಗಳು ಬಂದಿದ್ದವು, ಬಿಟ್ಟರೆ ಕೆಡುತ್ತವೆ. ಅವಳ ಮಾರ್ಗದರ್ಶಕ ಪ್ರೊಫೆಸರು ಹೇಳಿದ ಮಾತು: "ಈ ಕಂತು ಮುಗಿಸಿ ಹೋಗು." ಕಂತು ಮುಗಿಯಲು ಮೂರು ದಿನ. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆದಿತ್ತು. ಹನ್ನೆರಡರ ಸಂಜೆ ಅವಳು ತೀರಿಕೊಂಡಳು.

ಸಮಿತಿಗೆ ಇದು ಆಧಾರವಲ್ಲ. ಇರಲಿ. ಇನ್ನು ಮುಂದೆ ಈ ಪುಸ್ತಕದಲ್ಲಿ ಆ ಮನುಷ್ಯನಿಗೆ ಪ್ರತಿವಾದಿ ಎಂದು ಹೆಸರು. ಏಪ್ರಿಲ್ ಹದಿನೇಳರಂದು ಅವನದೊಂದು ಸಾರ್ವಜನಿಕ ಉಪನ್ಯಾಸವಿದೆ. ಕೊನೆಯಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಅದಕ್ಕೆ ಕಾಲಮಿತಿಯಿಲ್ಲ ಎಂಬುದು ಆ ಸಂಸ್ಥೆಯ ಹೆಮ್ಮೆ. ಎದುರಾಳಿಯನ್ನು ಅವನ ಶಕ್ತಿ ಇರುವಲ್ಲಿಯೇ ಹೊಡೆಯಬೇಕು. ಅವನ ಶಕ್ತಿ ವಿಜ್ಞಾನ. ಅಲ್ಲಿಯೇ ಹೊಡೆಯುತ್ತೇನೆ.

ಮಾರ್ಚ್ ೯, ಸೋಮವಾರ

ಮಗಳ ಪ್ರಯೋಗಪುಸ್ತಕಗಳನ್ನು ಕೇಳಿದೆ. ಅವು ಸಂಸ್ಥೆಯ ಸ್ವತ್ತು, ಕಟ್ಟಡದ ಹೊರಗೆ ಹೋಗುವಂತಿಲ್ಲವಂತೆ. "ಬಂದು ಕೂತು ಓದಲಿ" ಎಂದು ಪ್ರತಿವಾದಿ ಹೇಳಿಕಳುಹಿಸಿದ್ದಾನೆ. ಕೋಟೆಯ ಬಾಗಿಲನ್ನು ತಾನೇ ತೆರೆದಿದ್ದಾನೆ.

ಹೆಂಡತಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ.

"ಏನು ಹುಡುಕ್ತೀರಿ ಅದ್ರಲ್ಲಿ?"

"ಅವನ ತಪ್ಪು."

"ಮೂವತ್ತು ವರ್ಷ ಅಂಗಡಿಯವರ ತಕ್ಕಡಿಲಿ ತಪ್ಪು ಹುಡುಕಿ ಸಾಕಾಗ್ಲಿಲ್ವೇನ್ರೀ ನಿಮ್ಗೆ?"

ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರನಾಗಿ ನಾನು ಮುಟ್ಟುಗೋಲು ಹಾಕಿದ ತಕ್ಕಡಿಗಳ ಸಂಖ್ಯೆ ಅವಳಿಗೆ ಗೊತ್ತಿಲ್ಲ. ಒಂದರಲ್ಲೂ ನಾನು ಎಡವಿಲ್ಲ.

ಮಾರ್ಚ್ ೧೩, ಶುಕ್ರವಾರ

ಇಂದು ನನಗೆ ಮುಖಭಂಗವಾಯಿತು. ಮುಚ್ಚಿಡದೆ ಬರೆಯುತ್ತೇನೆ.

ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು, ಸೀಸೆಗಳ ಲೆಕ್ಕ ನೋಡಿಕೊಳ್ಳುವ ಒಬ್ಬ ನೌಕರನಿದ್ದಾನೆ. ಮಗಳು ಅವನನ್ನು ಗಾಜಣ್ಣ ಎಂದು ಕರೆಯುತ್ತಿದ್ದಳು. ಈಗ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಅವನು ಫ್ರಿಜ್ ತೆರೆದಾಗ ಮಗಳ ಅಕ್ಷರದ ಚೀಟಿಯಿದ್ದ ಪುಟ್ಟ ಸೀಸೆಯೊಂದು ಕಂಡಿತು. ಒಳಗೆ ಹಾಲಿನ ಬಿಳುಪು. ಮಸೂರದ ಪ್ರೋಟೀನ್ ನೀರಿನಂತೆ ತಿಳಿಯಾಗಿರಬೇಕೆಂದು ಅಷ್ಟರಲ್ಲಿ ಓದಿಕೊಂಡಿದ್ದೆ.

"ಕೆಟ್ಟಿದೆ. ನಾಲ್ಕು ತಿಂಗಳು ಯಾರೂ ನೋಡಿಲ್ಲ. ಬರೆದುಕೊಳ್ಳುತ್ತೇನೆ," ಎಂದೆ.

"ಬರ್ಕೊಳ್ಳಿ ಸಾರ್, ಯಾರು ಬೇಡ ಅಂದ್ರು? ಅದಕ್ಕೆ ಮುಂಚೆ ಕೈ ಕೊಡಿ." ಸೀಸೆಯನ್ನು ನನ್ನ ಮುಷ್ಟಿಯೊಳಗಿಟ್ಟ. "ಬಿಗಿಯಾಗಿ ಹಿಡ್ಕೊಂಡು ನೂರು ಎಣಿಸಿ. ಗಟ್ಟಿಯಾಗಿ ಬೇಡ, ನಾನೇನು ಒಂದನೇ ಕ್ಲಾಸ್ ಮೇಷ್ಟ್ರಲ್ಲ."

ಎಂಬತ್ತರ ಹೊತ್ತಿಗೆ ತಡೆಯಲಾಗದೆ ತೆರೆದೆ. ಬಿಳುಪು ಎಲ್ಲಿಯೂ ಇರಲಿಲ್ಲ. ಗಾಜಿನಾಚೆ ನನ್ನ ಅಂಗೈಯ ಗೆರೆಗಳು ಕಾಣುತ್ತಿದ್ದವು.

"ಚಳಿ ಆದ್ರೆ ಮುನಿಸ್ಕೊಳ್ಳುತ್ತೆ, ಬೆಚ್ಚಗಾದ್ರೆ ರಾಜಿ ಆಗುತ್ತೆ. ಈ ಜಾತಿ ಪ್ರೋಟೀನ್ ಗುಣಾನೇ ಹಾಗೆ. ಹೊಸಬ್ರು ಯಾರು ಬಂದ್ರೂ ನಿಮ್ಮ ಮಗಳು ಇದೇ ಆಟ ಆಡ್ಸೋಳು ಸಾರ್. 'ಕೆಟ್ಟೋಯ್ತು' ಅಂತ ಎಲ್ರೂ ಬಾಯಿ ಬಡ್ಕೊಳ್ಳೋರು. ಅವ್ಳು ನಗೋಳು."

ನಾನು ಸೀಸೆಯನ್ನು ಹಿಂದಿರುಗಿಸಿದೆ. ಒಡನೆಯೇ ಅಲ್ಲ.

ಮಾರ್ಚ್ ೧೭, ಮಂಗಳವಾರ

ಪ್ರತಿವಾದಿಯನ್ನು ಪ್ರಯೋಗಾಲಯದ ಹೊರಗಿನ ಓಣಿಯಲ್ಲಿ ತಡೆದು ನಿಲ್ಲಿಸಿದೆ. ನಾನು ಊಹಿಸಿದ್ದಕ್ಕಿಂತ ಕುಳ್ಳ. ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು.

"'ಈ ಕಂತು ಮುಗಿಸಿ ಹೋಗು' ಎಂದು ನೀವು ಹೇಳಿದ್ದು ನಿಜವೇ?"

"ಹೇಳ್ದೆ."

ನಾನು ಕಾದೆ. 'ಆದರೆ', 'ಹಾಗಲ್ಲ', 'ನನ್ನ ಉದ್ದೇಶ' — ಇಂಥ ಮಾತುಗಳಿಗೆ ನಾನು ಉತ್ತರ ಸಿದ್ಧಪಡಿಸಿಕೊಂಡಿದ್ದೆ. ಒಂದೂ ಬರಲಿಲ್ಲ.

"ಎಷ್ಟು ನೋವಿದೆ ಅಂತ ನಾನು ಕೇಳ್ಲಿಲ್ಲ. ಕೇಳ್ಬೇಕಿತ್ತು," ಎಂದ.

"ಸಮಿತಿಯ ಮುಂದೆ ಇದನ್ನು ಹೇಳಿದಿರಾ?"

"ಅವರು ನಿಯಮ ಕೇಳಿದ್ರು. ಇದನ್ನ ಕೇಳ್ಲಿಲ್ಲ."

ಒಪ್ಪಿಕೊಂಡ ಎದುರಾಳಿಯನ್ನು ಸೋಲಿಸುವ ವಿದ್ಯೆಯನ್ನು ನಮಗೆ ಯಾವ ಕಾಲೇಜಿನಲ್ಲಿಯೂ ಕಲಿಸಿರಲಿಲ್ಲ. ಓಣಿಯಲ್ಲಿ ಒಪ್ಪಿದರೆ ಸಾಲದು. ತುಂಬಿದ ಸಭೆಯಲ್ಲಿ, ಅವನು ದೊಡ್ಡವನಾಗಿ ನಿಂತ ಜಾಗದಲ್ಲಿ, ಅವನ ವಿಜ್ಞಾನ ಕುಸಿದ ಮೇಲೆ, ಕಟ್ಟಕಡೆಗೆ ಈ ಮಾತನ್ನು ಅವನಿಂದ ಹೇಳಿಸುತ್ತೇನೆ.

ಮಾರ್ಚ್ ೨೬, ಗುರುವಾರ

ಒಂಬತ್ತು ದಿನ ಏನನ್ನೂ ಬರೆದಿಲ್ಲ. ಓದುತ್ತಿದ್ದೆ.

ಮೂರನೆಯ ಪುಸ್ತಕದಲ್ಲಿ ಮಗಳು ಒಂದು ಕಡೆ ಹೀಗೆ ಬರೆದಿದ್ದಾಳೆ: "ಪ್ರೋಟೀನ್ ಸ್ವಲ್ಪ ಹಾಕಿದರೆ ಸ್ವಲ್ಪ ಮಬ್ಬು. ಇನ್ನಷ್ಟು ಹಾಕಿದರೆ ಇನ್ನಷ್ಟು ಮಬ್ಬು. ಆದರೆ ನಿಲ್ಲಿಸದೆ ತುಂಬುತ್ತಲೇ ಹೋದರೆ ತಿಳಿಯಾಗುತ್ತದೆ!!" ಎರಡು ಆಶ್ಚರ್ಯಸೂಚಕಗಳು. ಒಂದೇ ಸಾಕೆಂದು ಅವಳಿಗೆ ಎಷ್ಟು ಸಲ ಹೇಳಿದ್ದೆ.

ಇದು ನನಗೆ ಅರ್ಥವಾಗಲಿಲ್ಲ. ಗಾಜಣ್ಣನನ್ನು ಕೇಳಿದರೆ, "ಅದನ್ನ ಪ್ರೊಫೆಸರ್ ಸಾರ್‌ನೇ ಕೇಳ್ಬೇಕು ನೀವು. ನಾನು ತೊಳಿಯೋನು, ತಿಳಿ ಮಾಡೋನಲ್ಲ," ಎಂದ. ಎರಡು ದಿನ ಕೇಳಲಿಲ್ಲ. ಇಂದು ಕೇಳಿದೆ. ಎದುರಾಳಿಯ ವಾದವನ್ನು ಅವನ ಬಾಯಿಂದಲೇ ತಿಳಿಯುವುದು ತಂತ್ರದ ಭಾಗ.

ಪ್ರತಿವಾದಿ ಕುರ್ಚಿ ಎಳೆದುಕೊಂಡು ಕುಳಿತ. "ಬಸ್ಸಲ್ಲಿ ಹತ್ತೇ ಜನ ಇದ್ದಾರೆ ಅಂದ್ಕೊಳ್ಳಿ. ಒಂದ್ಕಡೆ ನಾಲ್ಕು ಜನ ಗುಂಪು, ಒಂದ್ಕಡೆ ಪೂರ್ತಿ ಖಾಲಿ. ಬೆಳಕು ಎಡವೋದು ಆ ಏರುಪೇರಿಗೆ. ಅದೇ ಬಸ್ಸು ಕಿಕ್ಕಿರಿದಿದ್ರೆ? ಎಲ್ಲಿ ನೋಡಿದ್ರೂ ಒಂದೇ ಸಮ. ಏರುಪೇರಿಗೆ ಜಾಗಾನೇ ಇಲ್ಲ. ಬೆಳಕು ನೆಟ್ಟಗೆ ಹೋಗುತ್ತೆ. ನಮ್ಮ ಕಣ್ಣು ಕಾಣೋದು ಅದ್ರಿಂದ."

"ಇನ್ನೂ ಜನ ಹತ್ತಿದರೆ?"

"ಯಾರೂ ಅಲ್ಲಾಡೋಕಾಗಲ್ಲ. ಪಕ್ಕದವನು ಸರಿದ್ರೆ ತಾನೇ ನೀವು ಸರಿಯೋದು? ಅವನೂ ನಿಮಗೇ ಕಾಯ್ತಿರ್ತಾನೆ. ದ್ರಾವಣ ಹರಿಯಲ್ಲ, ಸೀಸೆ ತಲೆಕೆಳಗು ಮಾಡಿದ್ರೂ ಬೀಳಲ್ಲ. ಅದು ಎಷ್ಟು ತುಂಬಿದಾಗ ಅನ್ನೋದೇ ನಿಮ್ಮ ಮಗಳು ಅಳೆದಿದ್ದು. ಮಿಲಿಲೀಟರಿಗೆ ಇನ್ನೂರ ತೊಂಬತ್ತು ಮಿಲಿಗ್ರಾಂ. ಎಲ್ಲರೂ ಅಂದ್ಕೊಂಡಿದ್ದಕ್ಕಿಂತ ತುಂಬಾ ಮುಂಚೆ." ಅಕ್ಟೋಬರಿನಲ್ಲಿ ಲೇಖನ ಕಳುಹಿಸಿದ್ದರಂತೆ, ಜನವರಿಯಲ್ಲಿ ಅಚ್ಚಾಯಿತಂತೆ. ಮೊದಲ ಹೆಸರು ಅವಳದು. ಹದಿನೇಳರ ಉಪನ್ಯಾಸ ನಿಂತಿರುವುದು ಆ ಒಂದು ಸಂಖ್ಯೆಯ ಮೇಲೆ.

ವಿವರಣೆ ಸ್ಪಷ್ಟವಾಗಿತ್ತು. ಶತ್ರುವಿನ ಗುಣವನ್ನು ಕಡಿಮೆ ಎಣಿಸುವುದು ವಾದಿಯ ಮೊದಲ ತಪ್ಪು; ನಾನು ಅದನ್ನು ಮಾಡುವುದಿಲ್ಲ. ಆ ಸಂಖ್ಯೆಯನ್ನೇ ಮುರಿಯಬೇಕು.

ಏಪ್ರಿಲ್ ೨, ಗುರುವಾರ

ಸಿಕ್ಕಿತು.

ಗಾಜಣ್ಣನಿಗೆ ಅವಳು ದಟ್ಟಣೆಯನ್ನು ಹೇಗೆ ಅಳೆಯುತ್ತಿದ್ದಳೆಂದು ಮಾಡಿ ತೋರಿಸಲು ಹೇಳಿದೆ. ಅಂಟಾದ ದ್ರಾವಣವನ್ನು ಪಿಪೆಟ್ ಎಂಬ ಸಣ್ಣ ಕೊಳವೆಯಿಂದ ಹತ್ತು ಮೈಕ್ರೋಲೀಟರ್ ಹೀರಿ, ಬಹಳಷ್ಟು ನೀರಿಗೆ ಬಿಟ್ಟು, ತೆಳುವಾದುದನ್ನು ಯಂತ್ರದಲ್ಲಿ ಅಳೆದು, ಗುಣಿಸಿ ಹಿಂದಕ್ಕೆ ಲೆಕ್ಕ ಹಾಕುವುದು. ಅವನು ನೀರಿಗೆ ಬಿಟ್ಟ ಮೇಲೆ ಕೊಳವೆಯ ತುದಿಯನ್ನು ಬೆಳಕಿಗೆ ಹಿಡಿದೆ. ಒಳಗೋಡೆಗೆ ತೆಳುವಾಗಿ ಅಂಟಿಕೊಂಡಿತ್ತು.

ಇದು ನನ್ನ ಕಸುಬು. ಜೇನು ಮಾರುವವನು ಅಳತೆಪಾತ್ರೆಯಿಂದ ಸುರಿದರೆ ಕೊಳ್ಳುವವನ ಡಬ್ಬಿಗೆ ಎಂದೂ ಪೂರ್ತಿ ಬೀಳುವುದಿಲ್ಲ. ಪಾತ್ರೆಯ ಒಳಮೈ ತನ್ನ ಪಾಲನ್ನು ಇಟ್ಟುಕೊಳ್ಳುತ್ತದೆ. ಅದಕ್ಕೇ ಜೇನು, ಹರಳೆಣ್ಣೆಗಳನ್ನು ತೂಗಿಯೇ ಕೊಡಬೇಕೆಂದು ನಾನು ಎಷ್ಟು ಅಂಗಡಿಗಳ ಮುಂದೆ ನಿಂತು ಕೂಗಿಲ್ಲ! ಇಲ್ಲಿ ಹತ್ತು ಎಂದು ಲೆಕ್ಕ. ಬಿದ್ದದ್ದು ಹತ್ತಕ್ಕಿಂತ ಕಡಿಮೆ. ಆದ್ದರಿಂದ ದ್ರಾವಣ ನಿಜಕ್ಕಿಂತ ತೆಳುವೆಂದು ಕಂಡಿದೆ. ಇನ್ನೂರ ತೊಂಬತ್ತು ಸುಳ್ಳು ಸಂಖ್ಯೆ. ಹೆಸರಾಂತ ಪ್ರೊಫೆಸರನೊಬ್ಬ ಬೀದಿಯ ಜೇನಿನವನ ತಪ್ಪನ್ನು ಜಗತ್ತಿಗೆ ಅಚ್ಚು ಹಾಕಿಸಿದ್ದಾನೆ!

ಏಳು ಅಂಶಗಳ ವಾದವನ್ನು ರಚಿಸಿದೆ. ಮೊದಲ ಆರು ಅಳತೆಯ ಕುರಿತು. ಏಳನೆಯದು ಆ ಮಾತು: "ಈ ಕಂತು ಮುಗಿಸಿ ಹೋಗು ಎಂದವರು ನೀವೇ ಅಲ್ಲವೇ?" ಅಲ್ಲಿಗೆ ಕುಳಿತುಕೊಳ್ಳುವುದು.

ನವೆಂಬರಿನಿಂದೀಚೆಗೆ ಮೊದಲ ಬಾರಿಗೆ ಎರಡನೆಯ ಸಲ ಬಡಿಸಿಕೊಂಡು ಉಂಡೆ.

ಏಪ್ರಿಲ್ ೩, ಶುಕ್ರವಾರ

ಪುಟ ಹತ್ತೊಂಬತ್ತು, ಎರಡನೆಯ ಪುಸ್ತಕ. ಅವಳ ಕೈಬರಹ: "ಪ್ರತಿ ಸಲ ತೂಗಲು ಬಹಳ ಹೊತ್ತು ಹಿಡಿಯುತ್ತದೆ. ಪಿಪೆಟ್ ಸಾಕು."

ತೂಕದ ಇನ್‌ಸ್ಪೆಕ್ಟರನ ಮಗಳು.

ಏಪ್ರಿಲ್ ೧೧, ಶನಿವಾರ

ಪುಟ ಹತ್ತೊಂಬತ್ತನ್ನು ಸಭೆಯಲ್ಲಿ ಎತ್ತುವುದಿಲ್ಲ. ಅದನ್ನು ಬಲ್ಲವನು ನಾನೊಬ್ಬನೇ. ವಿಧಾನದ ಹೊಣೆ ಮಾರ್ಗದರ್ಶಕನದು. ಹಾಗೆಂದು ವಾದಿಸಲು ಬರುತ್ತದೆ. ಎದುರುಪಕ್ಷದ ಕೈಗೆ ನಾವೇ ಕಲ್ಲು ಕೊಡಬಾರದು. ಒಂದು ವಾರ ಇದನ್ನು ಎಲ್ಲ ಮಗ್ಗುಲಿಂದಲೂ ತೂಗಿ ನಿಶ್ಚಯಿಸಿದ್ದೇನೆ.

ಇಂದು ಕೊನೆಯ ಪುಸ್ತಕದ ಕೊನೆಯ ಹದಿನೈದು ಪುಟಗಳನ್ನು ಓದಿದೆ. ಅವು ಒಂದಕ್ಕೊಂದು ಅಂಟಿಕೊಂಡಿದ್ದವು, ಯಾರೂ ತೆರೆದಿರಲಿಲ್ಲ. ಪುಟ ನೂರ ಹನ್ನೆರಡು, ನವೆಂಬರ್ ಆರು:

"ಅನುಮಾನ ಬಂದು ತೂಗಿ ನೋಡಿದೆ. ಹತ್ತಕ್ಕೆ ಎಂಟೂವರೆ ಮಾತ್ರ ಬೀಳುತ್ತಿದೆ! ಇನ್ನೂರ ತೊಂಬತ್ತು ತಪ್ಪು. ಮುನ್ನೂರ ನಲವತ್ತರ ಹತ್ತಿರ ಇರಬೇಕು. ಲೇಖನ ಆಗಲೇ ಹೋಗಿಬಿಟ್ಟಿದೆ. ಮುಂದಿನ ಕಂತು ಪೂರ್ತಿ ತೂಗಿ, ಖಚಿತವಾದ ಮೇಲೆ ಸರ್‌ಗೆ ನಾನೇ ಹೇಳುತ್ತೇನೆ. ಬೈಸಿಕೊಂಡರೂ ಸರಿ."

ಮುಂದಿನ ಕಂತು ಎಂದರೆ ಒಂಬತ್ತರದು. ಹದಿನಾಲ್ಕು ಮಾದರಿಗಳ ಪಟ್ಟಿ. ತೂಕದ ಕಲಂನಲ್ಲಿ ಐದು ತುಂಬಿವೆ. ಐದನೆಯ ಸಂಖ್ಯೆಯ ಬರಹ ಸೊಟ್ಟಗಿದೆ.

ಈ ಕಂತನ್ನು ತೂಗಲೆಂದು ಅವಳು ತಾನಾಗಿಯೇ ಉಳಿಯಬಯಸಿದ್ದಳೇ ಎಂಬ ಪ್ರಶ್ನೆ ಈ ವಾದಕ್ಕೆ ಅಪ್ರಸ್ತುತ.

ಅಪ್ರಸ್ತುತ.

ಏಪ್ರಿಲ್ ೧೬, ಗುರುವಾರ

ನಾಳೆ. ಬೂಟಿಗೆ ಪಾಲಿಶ್ ಹಾಕಿದ್ದೇನೆ. ಕನ್ನಡಿಯ ಮುಂದೆ ಏಳೂ ಅಂಶಗಳನ್ನು ನಾಲ್ಕು ಸಲ ಹೇಳಿಕೊಂಡೆ, ಹನ್ನೊಂದು ನಿಮಿಷ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ನಾನೂ ಬರ್ತೀನಿ."

"ನಿನಗೆ ಅರ್ಥವಾಗುವುದಿಲ್ಲ."

"ನಿಮ್ಗೆ ಹೋದ್ ತಿಂಗ್ಳು ಅರ್ಥ ಆಗ್ತಿತ್ತಾ?"

ಅವಳು ಬರುತ್ತಾಳೆ. ನಾಳೆ ಆ ಮನುಷ್ಯನ ಮುಖದ ಬಣ್ಣ ಇಳಿಯುವುದನ್ನು ಅವಳೂ ನೋಡಲಿ.

ಏಪ್ರಿಲ್ ೧೭, ಶುಕ್ರವಾರ

ಸಭಾಂಗಣ ತುಂಬಿತ್ತು. ಗಾಜಣ್ಣ ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದ. ಪ್ರತಿವಾದಿ ಪರದೆಯ ಮೇಲೆ ಮೊದಲ ಚಿತ್ರ ಬರುವುದಕ್ಕೂ ಮುನ್ನ ಮಗಳ ಹೆಸರು ಹೇಳಿದ. ಕೊನೆಯ ಚಿತ್ರದಲ್ಲಿ ಅವಳ ಅಳತೆಗಳ ರೇಖೆ ಇನ್ನೂರ ತೊಂಬತ್ತರಲ್ಲಿ ಗೋಡೆಯಂತೆ ಎದ್ದು ನಿಂತಿತ್ತು. ಚಪ್ಪಾಳೆ ನಿಂತ ಮೇಲೆ ಎದ್ದೆ.

"ನನ್ನ ಮೊದಲ ಪ್ರಶ್ನೆ. ದಟ್ಟಣೆಯನ್ನು ಅಳೆಯಲು ದ್ರಾವಣವನ್ನು ಯಾವುದರಿಂದ ತೆಗೆದುಕೊಳ್ಳಲಾಯಿತು?"

"ಪಿಪೆಟ್‌ನಿಂದ."

"ಎರಡನೆಯದು. ಬಿದ್ದದ್ದು ಎಷ್ಟೆಂದು ತೂಗಿ ನೋಡಲಾಯಿತೇ?"

ಅವನು ಪರದೆಯತ್ತ ತಿರುಗಿ ರೇಖೆಯನ್ನು ನೋಡಿದ. ಅವನಿಗೆ ತಿಳಿಯಿತೆಂಬುದು ನನಗೆ ತಿಳಿಯಿತು; ತಕ್ಕಡಿಯ ಕೆಳಗೆ ಅಂಟಿಸಿದ ಕಲ್ಲಿಗೆ ನಾನು ಕೈಹಾಕಿದಾಗ ಅಂಗಡಿಯವನ ಮುಖ ಹೀಗೆಯೇ ಆಗುತ್ತಿತ್ತು. ಸಭೆಯಲ್ಲಿ ಗುಸುಗುಸು ಹಬ್ಬಿತು. ಮುಂದಿನ ಸಾಲಿನ ಹಿರಿಯನೊಬ್ಬ ಪೆನ್ನು ಕೆಳಗಿಟ್ಟ. ಎರಡೇ ಪ್ರಶ್ನೆ! ಮೂವತ್ತು ವರ್ಷಗಳಲ್ಲಿ ನನಗೆ ಇಂಥ ಗೆಲುವು ಸಿಕ್ಕಿರಲಿಲ್ಲ.

"ಇಲ್ಲ. ತೂಗಿಲ್ಲ," ಎಂದ. "ಹಾಗಿದ್ರೆ ಈ ಸಂಖ್ಯೆ ತಪ್ಪಿರಬಹುದು. ಬಹುಶಃ ತಪ್ಪು." ಸಭೆಯತ್ತ ತಿರುಗಿ ದನಿ ಏರಿಸಿದ: "ಎಲ್ಲರಿಗೂ ಒಂದು ಮಾತು ಸ್ಪಷ್ಟವಾಗ್ಲಿ. ಅಳೆಯೋ ರೀತಿ ಗೊತ್ತು ಮಾಡಿದ್ದು ನಾನು. ಈ ತಪ್ಪು ನಂದು. ಆ ಹುಡುಗೀದಲ್ಲ."

ಸುಳ್ಳು. ಅವನನ್ನು ಬಿಟ್ಟರೆ ಇದು ಸುಳ್ಳೆಂದು ಬಲ್ಲವನು ನಾನೊಬ್ಬನೇ. ನಾನು ವಾರಗಟ್ಟಲೆ ಕಟ್ಟಿದ ಸುಳ್ಳನ್ನು ಅವನೇ ನನ್ನ ಕೈಗೆ ಉಚಿತವಾಗಿ ಇಟ್ಟಿದ್ದ. ಮೂರನೆಯ ಅಂಶಕ್ಕೆ ಹೋಗುವುದಷ್ಟೇ ಉಳಿದಿತ್ತು.

ಆಗ ನನಗೆ ಬಂದ ಕೋಪ ನವೆಂಬರಿನಲ್ಲಿಯೂ ಬಂದಿರಲಿಲ್ಲ. ತಪ್ಪನ್ನು ಇವನು ತೆಗೆದುಕೊಂಡರೆ ನೂರ ಹನ್ನೆರಡನೆಯ ಪುಟಕ್ಕೆ ಅರ್ಥವೆಲ್ಲಿ? ತನ್ನದಲ್ಲದ ತಪ್ಪನ್ನು ಅವಳು ಹಿಡಿದದ್ದು ಯಾವ ಹೆಚ್ಚುಗಾರಿಕೆ? ಎಲ್ಲವನ್ನೂ ಅವಳಿಂದ ತೆಗೆದುಕೊಂಡವನು ಈಗ ಇದಕ್ಕೂ ಕೈಚಾಚುತ್ತಿದ್ದಾನೆ!

"ಅಲ್ಲ," ಎಂದೆ. ದನಿ ಗೋಡೆಗೆ ಬಡಿದು ಹಿಂದಕ್ಕೆ ಬಂತು. "ಆ ತಪ್ಪು ನನ್ನ ಮಗಳದು. ಅದನ್ನು ನೀವು ಕಿತ್ತುಕೊಳ್ಳಕೂಡದು."

ಪುಟ ಹತ್ತೊಂಬತ್ತನ್ನು ಬಾಯಿಪಾಠ ಒಪ್ಪಿಸಿದೆ. ಪುಟ ನೂರ ಹನ್ನೆರಡನ್ನು ಒಪ್ಪಿಸಿದೆ. ಜೇನಿನ ಪಾತ್ರೆಯ ವಿಷಯ ಹೇಳಿದೆ. ಅಂಟು ಹೆಚ್ಚಿದಷ್ಟೂ ಕೊಳವೆ ಹೆಚ್ಚು ಉಳಿಸಿಕೊಳ್ಳುವುದರಿಂದ ರೇಖೆಯ ಕೊನೆಯ ಬಿಂದುಗಳು ಮೊದಲಿನವುಗಳಿಗಿಂತ ಹೆಚ್ಚು ಕೆಟ್ಟಿವೆಯೆಂದೂ, ಆದ್ದರಿಂದ ಇಡೀ ರೇಖೆಯನ್ನು ಪಕ್ಕಕ್ಕೆ ಸರಿಸಿದರೆ ಸಾಲದು, ಆಕಾರವೇ ಬದಲಾಗುತ್ತದೆಂದೂ ಹೇಳಿದೆ. ಇದು ನನಗೆ ಅಲ್ಲಿ ನಿಂತಾಗಲೇ ಹೊಳೆದದ್ದು. ಪೆನ್ನು ಕೆಳಗಿಟ್ಟಿದ್ದ ಹಿರಿಯ ಅದನ್ನು ಮತ್ತೆ ಎತ್ತಿಕೊಂಡ. ಐದು ತೂಕಗಳನ್ನು ಒಂದೊಂದಾಗಿ ಹೇಳಿದೆ. ಪ್ರತಿವಾದಿ ಹಲಗೆಯ ಮೇಲೆ ಬರೆದುಕೊಳ್ಳುತ್ತಾ ಹೋದ. ನಾಲ್ಕನೆಯದನ್ನು ತಪ್ಪಾಗಿ ಬರೆದ. ತಿದ್ದಿಸಿದೆ.

ಹೊರಗೆ ಬಂದಾಗ ಅವನು ಹಿಂದೆಯೇ ಬಂದ. "ಆ ಕೊನೇ ಪುಟಗಳನ್ನ ನಾನು ತೆಗೆದಿಲ್ಲ. ಆಗ್ಲಿಲ್ಲ ನನ್ನಿಂದ."

"ನಿಮ್ಮನ್ನು ನಾನು ಕ್ಷಮಿಸಿಲ್ಲ."

"ಕೇಳಿಲ್ಲ ಸಾರ್ ನಾನು." ಬೆರಳಿಗಂಟಿದ್ದ ಸೀಮೆಸುಣ್ಣ ಒರೆಸಿಕೊಂಡ. "ಉಳಿದ ಒಂಬತ್ತು ಮಾದರಿ ಫ್ರಿಜ್ಜಲ್ಲಿವೆ. ಸೋಮವಾರ ತೂಗಿಸ್ತೀನಿ. ನೀವು ನೋಡ್ಬೇಕು ಅಂದ್ರೆ..."

ಮನೆಗೆ ಬಂದು ಬೂಟು ಬಿಚ್ಚುವಾಗ ಹೆಂಡತಿ ನೀರು ತಂದಿಟ್ಟಳು.

"ಅಷ್ಟೊತ್ತು ಮಾತಾಡಿದ್ರಲ್ಲ. ಆ ಮಾತು ಬರ್ಲೇ ಇಲ್ಲ?"

"ಯಾವ ಮಾತು?"

"ಏಳನೇದು. ಕನ್ನಡಿ ಮುಂದೆ ನಾಲ್ಕು ಸಲ ಹೇಳಿದ್ರಲ್ಲ, ಅದು."

ಮರೆತಿದ್ದೆ. ಮುಕ್ತಾಯದ ಮಾತನ್ನು ಮರೆಯುವುದು ವಾದಿಗೆ ಅಕ್ಷಮ್ಯ. ವಯಸ್ಸಿನ ದೋಷವಿರಬೇಕು. ಸೋಮವಾರ ಅವನ ಪ್ರಯೋಗಾಲಯದಲ್ಲಿಯೇ, ಅವನ ಶಿಷ್ಯರ ಎದುರಿನಲ್ಲಿಯೇ ಹೇಳುತ್ತೇನೆ. ಅಲ್ಲಿ ಇನ್ನೂ ಆಳವಾಗಿ ನಾಟುತ್ತದೆ.

ಏಪ್ರಿಲ್ ೨೦, ಸೋಮವಾರ

ಒಂಬತ್ತಕ್ಕೆ ಹೋದೆ. ಅವರ ತಕ್ಕಡಿಯ ಮಟ್ಟ ಸರಿಯಿರಲಿಲ್ಲ. ಪ್ರೊಫೆಸರರನ್ನು ಕುರ್ಚಿಯಿಂದ ಎಬ್ಬಿಸಿ, ಮೇಜಿನ ಕಾಲಿಗೆ ಒತ್ತು ಕೊಡಿಸಿ, ಫ್ಯಾನ್ ನಿಲ್ಲಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿಸಿದೆ. ಒಂಬತ್ತನ್ನೂ ತೂಗಿದೆವು. ಹದಿಮೂರನೆಯದರಲ್ಲಿ ನಮ್ಮಿಬ್ಬರ ಓದು ಹೊಂದಲಿಲ್ಲ. ಅವರು ಮೂರು ಸಲ ತೂಗಿದರು, ನಾನು ನಾಲ್ಕು ಸಲ. ಅವರದೇ ಸರಿ. ಹರಿಯದೆ ನಿಲ್ಲುವುದು ಮುನ್ನೂರ ನಲವತ್ತೊಂದರಲ್ಲಿ.

ಹಿಂತಿರುಗುವಾಗ ಆರು ಗಂಟೆ. ಏಳನೆಯ ಮಾತಿಗೆ ಬಿಡುವಾಗಲಿಲ್ಲ.